ಬಾಣಂತಿ ಮಗಳು, ನಿದ್ದೆಗೆಟ್ಟ ತಾಯಿ

ಅಮ್ಮಾ, ಹೆರಿಗೆಯಾಗಿ ಆರು ವಾರ ಕಳೆದರೂ ಮಗಳು ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುತ್ತಾಳೆ, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ ಎಂದು ಬರೆದಿದ್ದೀರಿ. ಇದು ದೃಷ್ಟಿಯೂ ಅಲ್ಲ, ಸೊಕ್ಕೂ ಅಲ್ಲ. ಹೆರಿಗೆಯ ನಂತರದ ಅಳು, ಸಿಡುಕು ಸಾಮಾನ್ಯವಾಗಿ ಎರಡು ವಾರದೊಳಗೆ ತಿಳಿಯಾಗುತ್ತವೆ. ಆಮೇಲೂ ಉಳಿದರೆ ಬಾಣಂತಿ ಖಿನ್ನತೆ ಇರಬಹುದು, ಚಿಕಿತ್ಸೆ ಬೇಕು.

ಸೊರಬದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡೂ ಮನಸ್ಸನ್ನು ಕುಗ್ಗಿಸಬಲ್ಲವು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡಿದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಔಷಧ ಶುರುವಾದರೆ ಹಾಲು ಬಿಡಿಸಬೇಕೆಂಬ ಭಯ ಬೇಡ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. "ಸಾಯಬೇಕು ಅನ್ನಿಸುತ್ತಾ?" ಎಂದು ಮಗಳನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ, ಅಥವಾ ಇಲ್ಲದ ದನಿ ಕೇಳಿಸಿ ಸಂಬಂಧವಿಲ್ಲದ ಮಾತಾಡಿದರೆ, ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಹೊರಡಿ. ಅಗತ್ಯಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗುವನ್ನು ಒಟ್ಟಿಗೇ ದಾಖಲಿಸುವ ವಾರ್ಡ್ ಇದೆ.

ಶಿಕಾರಿಪುರದ ಬೀಗರಿಂದ ಮುಚ್ಚಿಡಬೇಡಿ. ಅಳಿಯ ಬಂದಾಗ ರಾತ್ರಿ ಮಗುವನ್ನು ಅವರೂ ನೋಡಿಕೊಳ್ಳಲಿ. ಬಾಣಂತಿಗೆ ನಿದ್ದೆ ಬೇಕೇ ಬೇಕು.

ಪತ್ರದ ಕೊನೆಗೆ, ಸಣ್ಣ ವಿಷಯವೆಂಬಂತೆ, ನಿಮ್ಮ ಮುಟ್ಟು ಏರುಪೇರಾಗಿದೆ, ನಡುರಾತ್ರಿ ಮೈ ಬೆವರುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದಿದ್ದೀರಿ. ಸಣ್ಣದಲ್ಲಮ್ಮಾ. ಮುಟ್ಟು ನಿಲ್ಲುವ ವರ್ಷಗಳಲ್ಲೂ ಖಿನ್ನತೆಯ ಸಾಧ್ಯತೆ ಹೆಚ್ಚು. ಮಗಳ ಜೊತೆ ನಿಮ್ಮ ಹೆಸರಿಗೂ ಒಂದು ಚೀಟಿ ಮಾಡಿಸಿ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್. ಉಚಿತ, ಕನ್ನಡದಲ್ಲೇ ಮಾತಾಡಬಹುದು.