ಮುಖದ ಕಾಂತಿಯೂ ಬಿಳುಪಿನ ಮೋಹವೂ



ನಿನಗೀಗ ಹದಿಮೂರೋ ಹದಿನಾಲ್ಕೋ ವರ್ಷ. ಮೊನ್ನೆಯವರೆಗೆ ನುಣುಪಾಗಿದ್ದ ಹಣೆಯ ಮೇಲೆ ಇಂದು ಎರಡು ಮೊಡವೆಗಳು ಕಾಣಿಸಿಕೊಂಡಿವೆ. ಮನೆಗೆ ಬಂದ ನೆಂಟರೊಬ್ಬರು, "ಯಾಕಮ್ಮಾ ಇಷ್ಟು ಕಪ್ಪಾದೆ?" ಎಂದು ಎಲ್ಲರೆದುರು ಕೇಳಿದ್ದಾರೆ. ಮರುದಿನ ಗೆಳತಿಯೊಬ್ಬಳು ಸಣ್ಣ ಟ್ಯೂಬೊಂದನ್ನು ಗುಟ್ಟಾಗಿ ಕೈಗಿತ್ತು, "ಒಂದು ವಾರ ಹಚ್ಚಿ ನೋಡು, ಆಮೇಲೆ ಹೇಳು" ಎಂದಿದ್ದಾಳೆ. ಆ ಟ್ಯೂಬಿನ ಮುಚ್ಚಳ ತೆರೆಯುವ ಮುನ್ನ ಈ ಪುಟವನ್ನು ಓದಿ ಮುಗಿಸು.

ಬಣ್ಣ ಕಾಯಿಲೆಯಲ್ಲ

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದನ್ನು ತಯಾರಿಸುವ ಜೀವಕೋಶಗಳು ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿವೆ. ಅವು ತಯಾರಿಸುವ ಮೆಲನಿನ್‌ನ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸವಿದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಪಾಡುವುದೇ ಮೆಲನಿನ್‌ನ ಕೆಲಸ. ಸೃಷ್ಟಿಕರ್ತನು ಕೊಟ್ಟ ಕೊಡೆಯನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆಯಲು ಹೊರಡುವುದು ಎಂತಹ ಅವಿವೇಕ!

1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಫೇರ್' ಎಂಬ ಪದವನ್ನು ಕೈಬಿಟ್ಟು 'ಗ್ಲೋ ಅಂಡ್ ಲವ್ಲಿ' ಆಯಿತು. ಕಂಪೆನಿಯು ಹೆಸರು ಬದಲಿಸಿತು. ಆದರೆ ನಮ್ಮ ಮನೆಗಳ ಮಾತು ಬದಲಾಗಿದೆಯೇ?

ಗುಟ್ಟಿನ ಟ್ಯೂಬಿನಲ್ಲಿ ಏನಿದೆ?

ವಾರದೊಳಗೆ ಮುಖ ಬೆಳ್ಳಗಾಗಿಸುತ್ತದೆಂದು ಕೈಯಿಂದ ಕೈಗೆ ದಾಟುವ ಟ್ಯೂಬುಗಳಲ್ಲಿ ಅನೇಕ ವೇಳೆ ಸ್ಟೀರಾಯ್ಡ್ ಇರುತ್ತದೆ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ನೆನಪಿಡು. ಇವು ಇಸುಬು ಮೊದಲಾದ ಚರ್ಮರೋಗಗಳಿಗೆ ವೈದ್ಯರು ಕೆಲವೇ ದಿನಗಳ ಮಟ್ಟಿಗೆ ಬರೆದುಕೊಡುವ ಔಷಧಿಗಳು, ಸೌಂದರ್ಯ ಸಾಧನಗಳಲ್ಲ. ಮೊದಲ ಕೆಲವು ದಿನ ಮುಖ ತಿಳಿಯಾಗಿ ಕಾಣುತ್ತದೆ. ಮೋಸವಿರುವುದು ಅಲ್ಲಿಯೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಮುಖದಲ್ಲಿ ರೋಮ ಬೆಳೆಯುತ್ತದೆ. ನಿಲ್ಲಿಸಿದೊಡನೆ ಉರಿ ಮತ್ತು ಕೆಂಪು ಕಾಡುತ್ತವೆ. ಅದಕ್ಕೆ ಹೆದರಿ ಹುಡುಗಿಯರು ಮತ್ತೆ ಅದೇ ಟ್ಯೂಬಿನ ಮೊರೆಹೋಗುತ್ತಾರೆ. ವೈದ್ಯರ ಚೀಟಿಯಿಲ್ಲದೆ ಇಂತಹ ಹಲವು ಕ್ರೀಮುಗಳನ್ನು ಮಾರಬಾರದೆಂದು ಕೇಂದ್ರ ಸರಕಾರವು 2018ರಲ್ಲಿ ನಿಯಮ ಮಾಡಿದೆ.

ಇನ್ನು ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಪಾದರಸವು ಮೆಲನಿನ್ ಉತ್ಪಾದನೆಯನ್ನು ತಡೆಯುವುದರಿಂದ ಮುಖ ಬೆಳ್ಳಗಾಗುತ್ತದೆ ನಿಜ. ಆದರೆ ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡ ಮತ್ತು ನರಗಳನ್ನು ಹಾಳುಗೆಡವುತ್ತದೆ. ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡ ರೋಗಕ್ಕೆ ತುತ್ತಾದ 22 ಮಂದಿಯನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಗೆ ಆ ರೋಗದ ಅಪರೂಪದ ರೂಪವಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು! ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರೆಂಬುದು ಸಮಾಧಾನದ ಸಂಗತಿ.

ಆದ್ದರಿಂದ ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ, ಅವಧಿ ಮುಗಿಯುವ ದಿನಾಂಕ ಇವು ಮುದ್ರಿತವಾಗಿಲ್ಲದ ಯಾವ ಡಬ್ಬಿಯನ್ನೂ ಮುಟ್ಟಬೇಡ. ವಿದೇಶದಿಂದ ಬಂದವರು ಪ್ರೀತಿಯಿಂದ ತಂದುಕೊಟ್ಟರೂ ಸರಿಯೇ. ಈಗಾಗಲೇ ಹಚ್ಚುತ್ತಿದ್ದರೆ ನಾಚಿಕೊಂಡು ಮುಚ್ಚಿಡಬೇಡ. ತಾಯಿಗೆ ಹೇಳು, ಟ್ಯೂಬನ್ನು ಜೊತೆಗೇ ಒಯ್ದು ಚರ್ಮವೈದ್ಯರಿಗೆ ತೋರಿಸು.

ಮೊಡವೆ ಏಕೆ ಬರುತ್ತದೆ?

ಹದಿಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಎಣ್ಣೆ ಸ್ರವಿಸುತ್ತವೆ. ಎಣ್ಣೆ ಮತ್ತು ಸತ್ತ ಕೋಶಗಳು ಸೇರಿ ರಂಧ್ರ ಮುಚ್ಚಿದಾಗ ಮೊಡವೆ ಏಳುತ್ತದೆ. ಅದು ನಿನ್ನ ತಪ್ಪೂ ಅಲ್ಲ, ಕೊಳಕಿನ ಗುರುತೂ ಅಲ್ಲ. ಅದನ್ನು ಹಿಸುಕಿದರೆ ನಾಲ್ಕು ದಿನದ ಮೊಡವೆ ನಾಲ್ಕು ವರ್ಷದ ಕಲೆಯಾದೀತು. ನಿಂಬೆರಸ, ಅಡುಗೆ ಸೋಡಾ, ಹಲ್ಲಿನ ಪೇಸ್ಟು ಇವೂ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುವುದುಂಟು. ಮೊಡವೆ ಹೆಚ್ಚಾದರೆ ವೈದ್ಯರು ಕೊಡುವ ಔಷಧಿಯನ್ನು ತಾಳ್ಮೆಯಿಂದ ಹಚ್ಚು. ಗುಣ ಕಾಣಲು ಆರರಿಂದ ಎಂಟು ವಾರ ಬೇಕಾಗುತ್ತದೆ.

ದಿನನಿತ್ಯದ ಆರೈಕೆ

ಇದಕ್ಕೆ ದೊಡ್ಡ ಖರ್ಚೇನಿಲ್ಲ. ಬೆಳಿಗ್ಗೆ ಮತ್ತು ರಾತ್ರಿ ಸೌಮ್ಯವಾದ ಸೋಪಿನಿಂದ ಮುಖ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸು. ವುಝೂ ಮಾಡುವಾಗ ನೀರಷ್ಟೇ ಸಾಕು. ಐದು ಹೊತ್ತೂ ಸೋಪು ಹಾಕಿದರೆ ಚರ್ಮ ಒಣಗುತ್ತದೆ. ಒಣಚರ್ಮವಾದರೆ ತೇವ ಉಳಿಸುವ ಸಾದಾ ಕ್ರೀಮನ್ನು ತೆಳ್ಳಗೆ ಹಚ್ಚು. ಬಿಸಿಲಿನಲ್ಲಿ ಶಾಲೆಗೆ ನಡೆದು ಹೋಗುವವಳಾದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಒಳ್ಳೆಯದು. ಅದಿಲ್ಲದಿದ್ದರೆ ಕೊಡೆಯೂ ನೆರಳೂ ಇವೆ.

ತಲೆಗೆ ಧಾರಾಳವಾಗಿ ಹಚ್ಚಿದ ಎಣ್ಣೆ ಹಣೆಗಿಳಿದರೆ ಅಲ್ಲಿ ಮೊಡವೆ ಏಳುತ್ತದೆ. ಬೆವರಿನಿಂದ ತೊಯ್ದ ತಲೆವಸ್ತ್ರವನ್ನು ಮರುದಿನವೂ ಹಣೆಗೆ ಬಿಗಿಯಾಗಿ ಕಟ್ಟಿದರೂ ಅಷ್ಟೇ. ಹತ್ತಿಯ ವಸ್ತ್ರವನ್ನು ಆರಿಸಿಕೊ, ದಿನವೂ ಒಗೆದು ಬಳಸು. ತಲೆದಿಂಬಿನ ಹೊದಿಕೆಯನ್ನೂ ಆಗಾಗ ಬದಲಿಸು.

ಅಲಂಕಾರ ಮಾಡಿಕೊಳ್ಳುವಾಗ

ಹೆಣ್ಣಿಗೆ ಅಲಂಕಾರದ ಆಸೆ ಸಹಜ. ಹಬ್ಬಕ್ಕೋ ಮದುವೆಗೋ ತುಸು ಶೃಂಗರಿಸಿಕೊಳ್ಳುವುದಾದರೆ ಕೆಲವು ಎಚ್ಚರಿಕೆಗಳನ್ನು ಪಾಲಿಸು. ಹೊಸ ವಸ್ತುವನ್ನು ನೇರವಾಗಿ ಮುಖಕ್ಕೆ ಹಚ್ಚದೆ, ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾದು ನೋಡು. ತುರಿಕೆಯೆದ್ದರೆ ಅದನ್ನು ಬಿಟ್ಟುಬಿಡು. ಕಾಡಿಗೆ, ಸುರುಮಾ, ಲಿಪ್‌ಸ್ಟಿಕ್‌ಗಳನ್ನು ಗೆಳತಿಯರೊಡನೆ ಹಂಚಿಕೊಳ್ಳಬೇಡ. ಕಣ್ಣಿನ ಸೋಂಕು ಹರಡುವ ದಾರಿಯದು. ಕಲ್ಲಿನಿಂದ ಅರೆದ ಕೆಲವು ಸುರುಮಾಗಳಲ್ಲಿ ಸೀಸ ಇರುವುದರಿಂದ ಹೆಸರಿಲ್ಲದ ಸುರುಮಾ ಬೇಡವೇ ಬೇಡ. ಎಷ್ಟೇ ದಣಿದಿದ್ದರೂ ರಾತ್ರಿ ಮಲಗುವ ಮುನ್ನ ಮುಖದ ಬಣ್ಣವನ್ನೆಲ್ಲ ತೊಳೆ.

ಉಗುರುಬಣ್ಣವು ನೀರನ್ನು ತಡೆಯುವುದರಿಂದ ವುಝೂಗೆ ಮುನ್ನ ತೆಗೆಯಬೇಕಾಗುತ್ತದೆ. ಮೆಹಂದಿಯ ರಂಗು ಹಾಗಲ್ಲ, ಅದು ಪದರವಾಗಿ ನಿಲ್ಲುವುದಿಲ್ಲ. ಆದರೆ ಅಪ್ಪಟ ಮೆಹಂದಿ ಮೊದಲು ಕಿತ್ತಳೆಯಾಗಿ, ಒಂದೆರಡು ದಿನಗಳಲ್ಲಿ ಕೆಂಗಂದಾಗುತ್ತದೆ. ಅರ್ಧ ಗಂಟೆಯಲ್ಲೇ ಕಡುಗಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿ ಕೂದಲ ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ. ಅದರಿಂದ ಕೈ ಬೊಬ್ಬೆಯೆದ್ದ ಮಕ್ಕಳಿದ್ದಾರೆ.

ತಾಯಂದಿರಲ್ಲಿ ಒಂದು ಮಾತು

ಮಗಳು ಆ ಟ್ಯೂಬನ್ನು ಕೊಂಡದ್ದು ಅಂಗಡಿಯಿಂದಲೇ ಇರಬಹುದು. ಆದರೆ ಅದನ್ನು ಕೊಳ್ಳುವ ಆಸೆ ಹುಟ್ಟಿದ್ದು ಎಲ್ಲಿ? "ಅಕ್ಕನ ಬಣ್ಣ ಇವಳಿಗೆ ಬರಲಿಲ್ಲ", "ಇವಳ ಮದುವೆಯದ್ದೇ ಚಿಂತೆ" ಎಂಬ ಮಾತುಗಳು ಅವಳ ಕಿವಿಗೆ ಬಿದ್ದದ್ದು ನಿಮ್ಮ ಮನೆಯ ಜಗಲಿಯಲ್ಲಲ್ಲವೇ? ನೆಂಟರು ಹಾಗೆ ಕೇಳಿದಾಗ ನೀವು ನಕ್ಕು ಸುಮ್ಮನಾಗಬೇಡಿ. "ನನ್ನ ಮಗಳ ಬಣ್ಣ ನನಗಿಷ್ಟ" ಎಂದು ಅವಳೆದುರಿನಲ್ಲೇ ಹೇಳಿ. ಯಾವ ಕ್ರೀಮೂ ಕೊಡಲಾಗದ ಕಾಂತಿಯನ್ನು ಆ ಒಂದು ಮಾತು ಅವಳ ಮುಖಕ್ಕೆ ಕೊಡುತ್ತದೆ.

ಸಹೋದರಿ, ಈ ಶರೀರ ನಿನ್ನ ಕೈಗೆ ಒಪ್ಪಿಸಲಾದ ಅಮಾನತು. ಅದನ್ನು ಶುಚಿಯಾಗಿಡು, ಬಿಸಿಲಿನಿಂದ ಕಾಪಾಡು, ವಿಷದಿಂದ ದೂರವಿಡು. ಅದರ ಬಣ್ಣಕ್ಕಾಗಿ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಗೆಳತಿ ಕೊಟ್ಟ ಟ್ಯೂಬನ್ನು ಅವಳಿಗೇ ಮರಳಿಸು. ಹಾಗೆಯೇ ಈ ಪುಟವನ್ನೂ ಅವಳಿಗೆ ಓದಲು ಕೊಡು.