ಕೈ ಬರಿದಾದಾಗ ಊರು ಸೇರುವ ಸೂತ್ರಗಳು

ಗಲ್ಫ್‌ಗೆ ಹೋದವರೆಲ್ಲ ಮನೆ ಕಟ್ಟಿಸಿ, ತಂಗಿಯ ಮದುವೆ ಮಾಡಿಸಿ ಮರಳುವುದಿಲ್ಲ. ಕಂಪನಿ ಮುಚ್ಚಿ ಸಂಬಳ ನಿಂತವರು, ಮನೆಗೆಲಸಕ್ಕೆ ಹೋಗಿ ಹೊಡೆತ ತಿಂದವರು, ವಿಸಿಟ್ ವೀಸಾದಲ್ಲಿ ಇಳಿದ ಮೇಲೆ ಏಜೆಂಟ್ ಫೋನ್ ಎತ್ತದೆ ಅತಂತ್ರರಾದವರು ನಮ್ಮ ನಡುವೆಯೇ ಇದ್ದಾರೆ. ಇಂಥವರನ್ನು ಊರಿಗೆ ಕರೆತರಲು ಸರ್ಕಾರದ ಬಳಿ ಹಣವಿದೆ, ವ್ಯವಸ್ಥೆಯೂ ಇದೆ. ಅದನ್ನು ಸರಿಯಾಗಿ ಕೇಳಿದವರು ಬೇಗ ಊರು ಸೇರುತ್ತಾರೆ.

1. ನಿಧಿಯ ಹೆಸರು ಹೇಳಿ ಕೇಳಿ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ನಮ್ಮ ರಾಯಭಾರ ಕಚೇರಿಗಳ ಕೈಯಲ್ಲಿದೆ. ಪಾಸ್‌ಪೋರ್ಟ್ ನವೀಕರಣದಂಥ ಸೇವೆಗಳಿಗೆ ಶುಲ್ಕ ಕಟ್ಟುವಾಗ ಅದರ ಜೊತೆ ಪಡೆಯುವ ಸಣ್ಣ ಮೊತ್ತವೇ ಇದರ ಮೂಲ. ಅಂದರೆ ಇದು ಹೊರದೇಶದಲ್ಲಿ ದುಡಿಯುವವರೇ ಕೂಡಿಸಿದ ದುಡ್ಡು. ಕೇಳಲು ಸಂಕೋಚ ಬೇಡ. 2017ರ ಪರಿಷ್ಕೃತ ನಿಯಮದಂತೆ ತಾತ್ಕಾಲಿಕ ಊಟ-ವಸತಿ, ತುರ್ತು ಚಿಕಿತ್ಸೆ, ವಕೀಲರ ನೆರವು, ಸಣ್ಣಪುಟ್ಟ ದಂಡ, ವಿಮಾನದ ಟಿಕೆಟ್ ಎಲ್ಲಕ್ಕೂ ಇದನ್ನು ಬಳಸಬಹುದು. ಮೃತದೇಹ ತರಿಸುವ ಖರ್ಚೂ ಇದರಲ್ಲಿ ಸೇರಿದೆ. ನಿಜಕ್ಕೂ ಬೇರೆ ದಿಕ್ಕಿಲ್ಲದವರಿಗೆ ಮಾತ್ರ, ಪರಿಶೀಲಿಸಿಯೇ ಕೊಡುತ್ತಾರೆ.

2. ಟಿಕೆಟ್ ಮೊದಲು ಮಾಲೀಕನಿಂದ ಕೇಳಿ. ಯುಎಇಯ ಕಾರ್ಮಿಕ ಕಾನೂನಿನಲ್ಲಿ, ಕೆಲಸಗಾರ ಬೇರೆ ಕಡೆ ಸೇರಿಕೊಳ್ಳದಿದ್ದರೆ ಮತ್ತು ತಪ್ಪು ಅವನದ್ದಲ್ಲದಿದ್ದರೆ, ಊರಿಗೆ ಕಳಿಸುವ ಖರ್ಚು ಮಾಲೀಕನದೇ. ಕೇಳಿದ ಮೆಸೇಜು, ಬಂದ ಉತ್ತರ ಎರಡನ್ನೂ ಅಳಿಸದೆ ಇಡಿ. ಅವನು ಕೈಯೆತ್ತಿದ ಮೇಲೆ ರಾಯಭಾರ ಕಚೇರಿಗೆ ಅದೇ ಪುರಾವೆ.

3. ಅರ್ಜಿಯಲ್ಲಿ ಸಂಗತಿ ಇರಲಿ. ಯಶಸ್ಸು ನಿಂತಿರುವುದೇ ಇಲ್ಲಿ. ‘ತುಂಬಾ ಕಷ್ಟದಲ್ಲಿದ್ದೇನೆ, ಹೇಗಾದರೂ ಮಾಡಿ ಕಾಪಾಡಿ’ ಎಂದು ಎರಡು ಪುಟ ಬರೆದರೆ ಅಧಿಕಾರಿ ಮತ್ತೆ ಫೋನ್ ಮಾಡಿ ಎಲ್ಲವನ್ನೂ ಕೇಳಬೇಕಾಗುತ್ತದೆ. ಅಷ್ಟರಲ್ಲಿ ನಿಮ್ಮ ಸಿಮ್ ಬಂದ್ ಆಗಿರಬಹುದು. ಹೀಗೆ ಬರೆಯಿರಿ: ‘ಜನವರಿಯಿಂದ ಸಂಬಳ ಬಂದಿಲ್ಲ. ಪಾಸ್‌ಪೋರ್ಟ್ ಕಫೀಲ್ (ಪ್ರಾಯೋಜಕ ಮಾಲೀಕ) ಬಳಿ ಇದೆ. ಇಕಾಮಾ (ವಾಸದ ಪರವಾನಗಿ) ಮುಗಿದಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಇಲ್ಲ. ಈಗ ಇಂಥ ಕ್ಯಾಂಪಿನ ಇಂಥ ರೂಮಿನಲ್ಲಿದ್ದೇನೆ.’ ಕೆಳಗೆ ಪಾಸ್‌ಪೋರ್ಟ್ ಸಂಖ್ಯೆ, ಕಂಪನಿಯ ಹೆಸರು, ಮಾಲೀಕನ ನಂಬರು, ಪಕ್ಕದ ರೂಮಿನ ಗೆಳೆಯನದೊಂದು ನಂಬರು, ಊರಿನ ವಿಳಾಸ. ಅರ್ಧ ಪುಟ ಸಾಕು. ಕೊಟ್ಟ ಪ್ರತಿಯ ಫೋಟೊ ತೆಗೆದು ಮನೆಗೂ ಕಳಿಸಿ.

4. ಪಾಸ್‌ಪೋರ್ಟ್ ಕೈಯಲ್ಲಿಲ್ಲವೆಂದು ಕುಗ್ಗಬೇಡಿ. ಕೆಲಸಗಾರನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಸೌದಿಯಲ್ಲೂ ಯುಎಇಯಲ್ಲೂ ಕಾನೂನಿಗೆ ವಿರುದ್ಧ. ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡುತ್ತದೆ. ನಮ್ಮವರ ಬಾಯಲ್ಲಿ ಅದು ‘ಔಟ್‌ಪಾಸ್’. ಭಾರತಕ್ಕೆ ಒಮ್ಮೆ ಬರಲು ಮಾತ್ರ ನಡೆಯುತ್ತದೆ. ಆದರೆ ದೇಶ ಬಿಡಲು ಅಲ್ಲಿನ ಸರ್ಕಾರದ ಎಕ್ಸಿಟ್ ಅನುಮತಿ ಬೇರೆಯೇ ಬೇಕು. ಸಾಲ, ಪೊಲೀಸ್ ಕೇಸು ಇದ್ದರೆ ಮೊದಲೇ ಹೇಳಿಬಿಡಿ. ಮುಚ್ಚಿಟ್ಟ ಕೇಸು ವಿಮಾನ ನಿಲ್ದಾಣದಲ್ಲಿ ಹೊರಬೀಳುತ್ತದೆ, ಟಿಕೆಟ್ ಹಾಳಾಗುತ್ತದೆ.

5. ಓಡಿಹೋಗುವ ಮುನ್ನ ದೂರು ಕೊಡಿ. ನೀವು ಕಾಣೆಯಾದರೆ ಕಫೀಲ್ ನಿಮ್ಮ ಮೇಲೆಯೇ ‘ಹುರೂಬ್’, ಅಂದರೆ ಕೆಲಸ ಬಿಟ್ಟು ಓಡಿಹೋದಿರೆಂಬ ದೂರು, ಹಾಕುತ್ತಾನೆ, ನ್ಯಾಯ ನಿಮ್ಮ ಕಡೆಗಿದ್ದರೂ ನೀವೇ ತಪ್ಪಿತಸ್ಥರಾಗುತ್ತೀರಿ. ಕಾರ್ಮಿಕ ಇಲಾಖೆಯ ದೂರಿನ ಸಂಖ್ಯೆ ಕೈಯಲ್ಲಿರಲಿ. ಜೀವಕ್ಕೋ ಮಾನಕ್ಕೋ ಅಪಾಯವಿದ್ದರೆ ಈ ಮಾತು ಅನ್ವಯಿಸದು. ನೇರ ರಾಯಭಾರ ಕಚೇರಿಗೆ ಹೋಗಿ.

6. ಕ್ಷಮಾದಾನ ಬಂದರೆ ಕೊನೆಯ ವಾರದವರೆಗೆ ಕಾಯಬೇಡಿ. ಯುಎಇಯಲ್ಲಿ ವೀಸಾ ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ ಬೆಳೆಯುತ್ತದೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಇಂಥ ಕ್ಷಮಾದಾನದಲ್ಲಿ ಆ ದಂಡವಿಲ್ಲದೆ ಹೊರಡಲು ಅವಕಾಶವಿತ್ತು.

7. ಊರಲ್ಲಿರುವವರೂ ಕೈಹಚ್ಚಿ. 2015ರಿಂದ ಇರುವ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಹೆಂಡತಿ, ಅಣ್ಣ, ಅಪ್ಪ ಯಾರೇ ಆಗಲಿ ಮನೆಯಿಂದಲೇ ದೂರು ದಾಖಲಿಸಬಹುದು. ಸಚಿವಾಲಯದ ಉಚಿತ ಸಹಾಯವಾಣಿ 1800 11 3090. ರಾಜ್ಯದ ಅನಿವಾಸಿ ಭಾರತೀಯ ಸಮಿತಿಗೂ ಒಂದು ಪ್ರತಿ ಕಳಿಸಿ. ಅಳುವ ವಿಡಿಯೊವನ್ನು ಮಾಲೀಕನ ಹೆಸರು, ಫೋಟೊ ಸಮೇತ ಹರಿಬಿಡಬೇಡಿ. ಗಲ್ಫ್‌ನ ಸೈಬರ್ ಕಾನೂನು ಬಿಗಿ. ನೆರವು ಬೇಕಾದವನೇ ಆರೋಪಿಯಾಗಬಹುದು.

8. ಬಾಕಿ ಸಂಬಳ ಬಿಟ್ಟು ಬರಬೇಡಿ. ಹೊರಡುವ ಮುನ್ನ ನಂಬಿಕಸ್ಥರಿಗೆ ಅಧಿಕಾರಪತ್ರ ಬರೆದುಕೊಡಿ. ‘ಎಲ್ಲ ಬಾಕಿ ಸಂದಿದೆ’ ಎಂಬ ಅರಬ್ಬಿ ಕಾಗದಕ್ಕೆ ಓದಿಸಿಕೊಳ್ಳದೆ ಸಹಿ ಹಾಕಬೇಡಿ.

9. ಮರುಪಾವತಿಯ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಮರೆಯಬೇಡಿ. ಊರಿಗೆ ಕರೆತಂದ ಖರ್ಚನ್ನು ಹಿಂದಿರುಗಿಸದವರಿಗೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಅವಕಾಶವಿದೆ. ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಈ ನಿಯಮ ಕಠಿಣ ಎಂದೇ ನನ್ನ ಅಭಿಪ್ರಾಯ. ಸಡಿಲವಾಗುವವರೆಗೆ, ಸಹಿ ಹಾಕುವಾಗಲೇ ‘ಇದು ನಿಧಿಯ ನೆರವೋ, ತೀರಿಸಬೇಕಾದ ಸಾಲವೋ’ ಎಂದು ಕೇಳಿ, ತೀರಿಸಿದ ರಸೀದಿ ಜೋಪಾನ ಮಾಡಿ.

10. ಹೋಗುವವರು ವಿಮೆ ಮಾಡಿಸಿ. ಎಸ್ಸೆಸ್ಸೆಲ್ಸಿ ಪಾಸಾಗದೆ ಗಲ್ಫ್‌ಗೆ ದುಡಿಯಲು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ವಿಸಿಟ್ ವೀಸಾದಲ್ಲಿ ಕದ್ದು ಕಳಿಸುವ ಏಜೆಂಟ್ ತಪ್ಪಿಸುವುದು ಇದನ್ನೇ.

ನಿಮ್ಮ ಮನೆಯವರು ಯಾರಾದರೂ ಹೊರದೇಶದಲ್ಲಿದ್ದರೆ, ಅವರ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಫೋಟೊವನ್ನು ಇವತ್ತೇ ತರಿಸಿಕೊಂಡು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.