ಹುಸಿ ಕಾರ್ಸ್ಟ್: ಬಸವಕಲ್ಯಾಣ–ಹುಮನಾಬಾದ್ ಪ್ರಸ್ಥಭೂಮಿ

ಕಾರ್ಸ್ಟ್: ಸುಣ್ಣಕಲ್ಲು ಇಂಗಾಲಾಮ್ಲಯುಕ್ತ ನೀರಿನಲ್ಲಿ ಕರಗಿ ಗುಹೆ, ಕುಸಿಗುಳಿಗಳು ಉಂಟಾಗುವ ಭೂಸ್ವರೂಪ. ಹೆಸರಿನ ಮೂಲ: ಸ್ಲೊವೇನಿಯಾ–ಇಟಲಿ ಗಡಿಯ ಪ್ರಸ್ಥಭೂಮಿ. ಉದಾ: ಆಂಧ್ರಪ್ರದೇಶದ ಬೆಲಂ ಗುಹೆಗಳು.

ಹುಸಿ ಕಾರ್ಸ್ಟ್: ನೋಟ ಅದೇ, ಹುಟ್ಟುವ ರೀತಿ ಬೇರೆ. ಮುಖ್ಯ ವಿಧಗಳು:
1. ಲಾವಾ ಸುರಂಗ
2. ಹಿಮನೆಲ ಕರಗಿದ ಕುಸಿತ (ಥರ್ಮೋಕಾರ್ಸ್ಟ್)
3. ಅಂತರ್ಜಲದ ಕೊರೆತ

ಬೀದರ್ ಜಿಲ್ಲೆ: ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ದಖನ್ ಬಸಾಲ್ಟ್ ಮೇಲೆ ಜಂಬಿಟ್ಟಿಗೆಯ (ಲ್ಯಾಟರೈಟ್) ಹೊದಿಕೆಯಿದೆ. ಮೇಲ್ಪದರ ಗಟ್ಟಿ, ರಂಧ್ರಮಯ. ಕೆಳಗಿನದು ಮೆತ್ತನೆಯ ಜೇಡಿ. ಇಂಥ ನೆಲದಲ್ಲಿ ಇಂಗಿದ ಮಳೆನೀರು ಜೇಡಿಯನ್ನು ಕೊಚ್ಚಿಕೊಂಡು ಹೋದರೆ ಪೊಳ್ಳು ಉಳಿಯುತ್ತದೆ, ಛಾವಣಿ ಕುಸಿದರೆ ಗುಳಿ ಬೀಳುತ್ತದೆ. ಇದು 3ನೇ ವಿಧ.

ಗಮನಿಸಿ: ಬೀದರಿನ ನೌಬಾದ್ ಕರೇಜ್ ಬಹಮನಿ ಕಾಲದ ಮಾನವನಿರ್ಮಿತ ಜಲಸುರಂಗ, ಹುಸಿ ಕಾರ್ಸ್ಟ್ ಅಲ್ಲ.

ನೆನಪಿಡಿ: ಗುಹೆ ಕಂಡಲ್ಲೆಲ್ಲ ಕಾರ್ಸ್ಟ್ ಎಂದು ಬರೆಯಬೇಡಿ, ಮೊದಲು ಶಿಲೆ, ನಂತರ ಪ್ರಕ್ರಿಯೆ ನೋಡಿ.